ನಲ್ಲಿಗೆ ಹೇಳಿದ ಕನಸು

ಆಕೆ ನನ್ನ ಬಳಿ ಬಂದದ್ದು ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಐದು ತಿಂಗಳಿಂದ ಸರಿಯಾಗಿ ಮಲಗಿರಲಿಲ್ಲ. ನಿದ್ದೆ ಬರುತ್ತಿರಲಿಲ್ಲ ಎಂದಲ್ಲ; ಬರುವ ನಿದ್ದೆಯನ್ನು ತಾವೇ ತಡೆಯುತ್ತಿದ್ದರು. ಫೋನಿನಲ್ಲಿ ನಲವತ್ತು ನಿಮಿಷಕ್ಕೊಂದು ಅಲಾರಂ. ಅದು ಹೊಡೆದಾಗಲೆಲ್ಲ ಎದ್ದು, ಒಂಬತ್ತು ವರ್ಷದ ಮಗಳ ಕೋಣೆಗೆ ಹೋಗಿ, ಉಸಿರಾಡುತ್ತಿದ್ದಾಳೆಯೇ ಎಂದು ನೋಡಿ ಬರುತ್ತಿದ್ದರು. ಹೆಚ್ಚು ಹೊತ್ತು ಮಲಗಿದರೆ ಕನಸು ಬೀಳುತ್ತದೆ, ಬಿದ್ದ ಕನಸು ನಿಜವಾಗುತ್ತದೆ ಎಂಬ ಭಯ ಆಕೆಗೆ.

ಅಮೆರಿಕದ ಲೊಂಬಾರ್ಡ್ ಎಂಬ ಊರಿನಲ್ಲಿ ಮನೆ, ಅಲ್ಲೇ ಹತ್ತಿರದಲ್ಲಿ ಫಾರ್ಮಸಿಸ್ಟ್ ಕೆಲಸ. ಆ ಆಗಸ್ಟಿನಲ್ಲಿ ಒಂದು ದಿನ ಇಬ್ಬರು ರೋಗಿಗಳ ಮಾತ್ರೆ ಬಾಟಲಿಗಳ ಲೇಬಲ್ ಅದಲುಬದಲು ಮಾಡಿದ್ದರು. ಪಕ್ಕದಲ್ಲಿದ್ದ ಸಹೋದ್ಯೋಗಿ ನೋಡಿ ಸರಿಪಡಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಇನ್ನೊಂದು ಸಲ ಹೀಗಾದರೆ ಯಾರೋ ಸಾಯುತ್ತಾರೆ ಎಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ರಜೆ ಹಾಕಿದರು. ಡಾಕ್ಟರು ಬರೆದುಕೊಟ್ಟ ನಿದ್ದೆ ಮಾತ್ರೆಯನ್ನು, ಅದರ ಬಗ್ಗೆ ಡಾಕ್ಟರಿಗಿಂತ ಚೆನ್ನಾಗಿ ಗೊತ್ತಿದ್ದೂ, ತೆಗೆದುಕೊಳ್ಳಲಿಲ್ಲ. ಕನ್ನಡದಲ್ಲಿ ಮಾತಾಡುವ ಆಪ್ತಸಮಾಲೋಚಕರು ಯಾರಾದರೂ ಇದ್ದಾರೆಯೇ ಎಂದು ಹುಡುಕಿಕೊಂಡು ಹತ್ತಿರದ ವೆಸ್ಟ್‌ಮಂಟ್‌ನ ನನ್ನ ಆಫೀಸಿಗೆ ಬಂದರು. ಆಕೆಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ, ಇದನ್ನು ಬರೆಯುತ್ತಿದ್ದೇನೆ.

ನಾನಾಗ ಮನೋವಿಶ್ಲೇಷಣೆಯ ತರಬೇತಿಯಲ್ಲಿದ್ದೆ. ಐವತ್ತೆರಡನೆಯ ವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿನಿ, ಮನೆಯವರಿಗೆಲ್ಲ ನಗೆಪಾಟಲು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಐವತ್ತು ನಿಮಿಷ, ದಿವಾನದ ಮೇಲೆ ಮಲಗಿ ಮಾತಾಡುವ ಒಬ್ಬರನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ನೋಡಬೇಕಿತ್ತು. ಈ ಕಾಲದಲ್ಲಿ ವಾರಕ್ಕೆ ನಾಲ್ಕು ದಿನ ಬರುವವರು ಎಲ್ಲಿ ಸಿಗುತ್ತಾರೆ? ಬೆಳಗಿನ ಏಳು ಗಂಟೆಯಾದರೆ ಬರುತ್ತೇನೆ ಎಂದು ಆಕೆ ಒಪ್ಪಿಕೊಂಡಾಗ ನಾನು ಒಳಗೊಳಗೇ ಕುಣಿದೆ. ನನಗೆ ಆಗ ಬೇಕಾಗಿದ್ದದ್ದು ಒಂದು ಕೇಸು, ಆಕೆಗೆ ಬೇಕಾಗಿದ್ದದ್ದು ನಿದ್ದೆ.

ನೂರು ವರ್ಷಕ್ಕೂ ಹಿಂದೆ ವಿಯೆನ್ನಾದಲ್ಲಿ ಹುಟ್ಟಿದ ಈ ವಿದ್ಯೆಯ ನಿಯಮಗಳು ಕೇಳುವುದಕ್ಕೆ ಸರಳ. ಮನಸ್ಸಿಗೆ ಬಂದದ್ದನ್ನು ಸೋಸದೆ ಹೇಳಬೇಕು. ಕೇಳುವವರು ಕಣ್ಣಿಗೆ ಕಾಣದಂತೆ ತಲೆಯ ಹಿಂದಿನ ಕುರ್ಚಿಯಲ್ಲಿ ಕೂರಬೇಕು. ಕನಸನ್ನು ಹೇಳಿದರೆ ಅದಕ್ಕೆ ಒಟ್ಟಾರೆಯಾಗಿ ಒಂದು ಅರ್ಥ ಕಟ್ಟಬಾರದು. ಬಿಡಿಬಿಡಿಯಾಗಿ ತೆಗೆದುಕೊಂಡು, ಈ ತುಂಡಿಗೆ ಏನು ನೆನಪಾಗುತ್ತದೆ, ಆ ತುಂಡಿಗೆ ಏನು ನೆನಪಾಗುತ್ತದೆ ಎಂದು ಕೇಳುತ್ತ ಹೋಗಬೇಕು. ಹಿಂದಿನ ದಿನ ಕಂಡದ್ದು, ಕೇಳಿದ್ದು ಅದರಲ್ಲಿ ಎಲ್ಲಿ ಸೇರಿಕೊಂಡಿದೆ ಎಂದು ನೋಡಬೇಕು. ಕನಸಿನೊಳಗೆ ಒಂದು ಆಸೆ ಅಡಗಿರುತ್ತದೆ ಎಂಬುದು ಮೊದಲ ವಿಶ್ಲೇಷಕರ ನಂಬಿಕೆ. ನಾನು ಈ ಕೊನೆಯ ಮಾತೊಂದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಮೊದಲ ದಿನ ಆಕೆ ಒಂದೇ ಉಸಿರಿಗೆ ಹೇಳಿದ್ದು ಇಷ್ಟು.

"ಏಪ್ರಿಲಲ್ಲಿ ಅಮ್ಮನ ಮದುವೆ ಕನಸಲ್ಲಿ ಬಿತ್ತು ಅಕ್ಕ. ಬೆಳಿಗ್ಗೆ ಕಾಫಿ ಕುಡೀತಾ ನಮ್ಮನೆಯವರ ಹತ್ರ ನಕ್ಕೊಂಡು ಹೇಳ್ಬಿಟ್ಟೆ. ಮೂರು ವಾರಕ್ಕೆ ಅಮ್ಮ ಹೋಗ್ಬಿಟ್ರು. ಹಾರ್ಟು. ಮೈಸೂರಲ್ಲಿ ಅಣ್ಣನ ಮನೇಲಿದ್ರು, ಆಸ್ಪತ್ರೆಗೂ ತಲುಪ್ಲಿಲ್ಲ."

"ಆ ಕನಸಲ್ಲಿ ಏನೇನಿತ್ತು?" ಎಂದು ಕೇಳಿದೆ.

"ಇಲ್ಲ, ಇನ್ನು ಹೇಳಲ್ಲ. ಬಾಯ್ಬಿಟ್ಟು ಹೇಳಿದ್ದಕ್ಕೇ ಹೀಗಾಗಿದ್ದು."

ಕನಸಿನಲ್ಲಿ ಮದುವೆ ಕಂಡರೆ ಸಾವು ಎಂದು ನಮ್ಮ ಕಡೆ ಹೇಳುವುದು ನನಗೆ ಗೊತ್ತಿಲ್ಲವೇ? ಆದರೂ ಮುಖದಲ್ಲಿ ಏನೂ ತೋರಿಸದೆ ತಲೆಯಾಡಿಸಿದೆ. ಅಲ್ಲಿಂದ ಐದು ವಾರ ಆಕೆ ಎಲ್ಲವನ್ನೂ ಮಾತಾಡಿದರು, ಕನಸೊಂದನ್ನು ಬಿಟ್ಟು. ಮಗಳ ಈಜಿನ ಕ್ಲಾಸು ಬಿಡಿಸಿದ್ದು, ಗಂಡನ ಜೊತೆ ಅದಕ್ಕೆ ಜಗಳವಾದದ್ದು, ಕನ್ನಡ ಸಂಘದ ಹಬ್ಬದಲ್ಲಿ ಎದುರಾದರೆ ತಮ್ಮ ಗುರುತು ಹಿಡಿಯಬಾರದೆಂದು ನನ್ನಿಂದ ಮಾತು ತೆಗೆದುಕೊಂಡದ್ದು. ಒಂದು ಸೋಮವಾರ ಕೋಡುಬಳೆ ಡಬ್ಬಿ ತಂದರು. ರೋಗಿಗಳಿಂದ ಏನನ್ನೂ ತೆಗೆದುಕೊಳ್ಳಬಾರದು ಎಂದು ನಾನು ವಿವರಿಸಿದೆ. "ಕೋಡುಬಳೆಗೂ ರೂಲ್ಸಾ?" ಎಂದರು. ಕೊನೆಗೆ ಅದನ್ನು ಕೆಳಗಿನ ಮಹಡಿಯ ವಿಮಾ ಆಫೀಸಿನವರು ತಿಂದರು.

ಆರನೆಯ ವಾರದ ಬುಧವಾರ ಆಕೆ ಹೊಸದೊಂದು ವಿಷಯ ಹೇಳಿದರು. ಕನಸು ಬಿದ್ದ ಹಿಂದಿನ ದಿನ ಅಮ್ಮನ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡಿದ್ದರಂತೆ. ಈ ಬೇಸಿಗೆಗೆ ಬರುತ್ತೇನೆ, ಟಿಕೆಟ್ ನೋಡು ಎಂದು ಅಮ್ಮ ಹೇಳಿದಾಗ, "ಈ ಸಲ ಬೇಡಮ್ಮ, ಅಡುಗೆಮನೆ ಒಡೆಸ್ತಿದೀವಿ, ಮುಂದಿನ ವರ್ಷ ಬಾ" ಎಂದು ಹೇಳಿದ್ದರಂತೆ.

ನನಗೆ ಒಮ್ಮೆಲೇ ಎಲ್ಲ ಕೂಡಿ ಬಂದಂತಾಯಿತು. ಹಿಂದಿನ ದಿನದ ಮಾತು ಸಿಕ್ಕಿತು, ಆಸೆಯೂ ಸಿಕ್ಕಿತು. ಜಾಣತನ ನೆತ್ತಿಗೇರಿ ಬಾಯಿಬಿಟ್ಟೆ.

"ಅಮ್ಮ ಇನ್ನೊಂದು ಮನೆಗೆ ಹೋಗ್ಬಿಡ್ಲಿ, ಇಲ್ಲಿಗೆ ಬರೋದು ಬೇಡ ಅಂತ ಮನಸ್ಸಿನ ಯಾವ್ದೋ ಮೂಲೇಲಿ ಅನ್ನಿಸಿತ್ತೇನೋ. ಅದಕ್ಕೇ ಕನಸಲ್ಲಿ ಮದುವೆ ಮಾಡಿ ಕಳಿಸಿದ್ರೇನೋ."

ಉಳಿದ ಇಪ್ಪತ್ತು ನಿಮಿಷ ಆಕೆ ಒಂದು ಮಾತೂ ಆಡಲಿಲ್ಲ. ಸಮಯವಾದಾಗ ಎದ್ದು, ಕೋಟು ಹಾಕಿಕೊಂಡು, "ಬರ್ತೀನಿ" ಎಂದು ಮೆತ್ತಗೆ ಹೇಳಿ ಹೋದರು. ಗುರುವಾರ ಬರಲಿಲ್ಲ. ಮುಂದಿನ ಎರಡು ವಾರವೂ ಬರಲಿಲ್ಲ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಬಾರದಿದ್ದರೂ ಅವರ ಹೊತ್ತನ್ನು ಅವರಿಗಾಗಿ ಇಟ್ಟು ಕಾಯಬೇಕು ಎಂಬುದು ನಮ್ಮ ನಿಯಮ. ಏಳು ಗಂಟೆಗೆ ದೀಪ ಹಾಕಿ, ಹೀಟರ್ ಹಾಕಿ, ಖಾಲಿ ದಿವಾನದ ಹಿಂದೆ ಐವತ್ತು ನಿಮಿಷ ಕೂತು ಏಳುತ್ತಿದ್ದೆ. ಅಂಥ ಒಂದೊಂದು ಬೆಳಗೂ ನನಗೆ ಶಿಕ್ಷೆಯಾಗಿತ್ತು. ಆಕೆ ನಿದ್ದೆಗೆಟ್ಟು ಮತ್ತೆ ಔಷಧಿ ಕೊಡುವ ಕೆಲಸಕ್ಕೆ ನಿಂತರೆ ಏನು ಗತಿ ಎಂದು ನೆನೆದು ಮತ್ತೆ ಫೋನ್ ಮಾಡುತ್ತಿದ್ದೆ.

ನನ್ನ ಮೇಲ್ವಿಚಾರಕಿ ಎಪ್ಪತ್ತು ದಾಟಿದ ಅಮೆರಿಕನ್ ಹೆಂಗಸು. ಡೆಟ್ರಾಯಿಟ್ ಕಡೆ, ಕ್ಯಾಂಟನ್‌ನಿಂದ ಸ್ವಲ್ಪ ಆಚೆ ವಾಸ. ವಾರವಾರ ವಿಡಿಯೋದಲ್ಲಿ ಮಾತಾಡುತ್ತಿದ್ದೆವು. ತಿಂಗಳಿಗೊಮ್ಮೆ ಎದುರೆದುರು ಕೂರಬೇಕೆಂಬುದು ಆಕೆಯ ಹಟ. ಆ ಶನಿವಾರ ಮುನ್ನೂರು ಮೈಲಿಗೆ ಸ್ವಲ್ಪ ಕಡಿಮೆ ಡ್ರೈವ್ ಮಾಡಿಕೊಂಡು ಹೋದೆ. ಮಿಷಿಗನ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದನ್ನು ಮರೆತು ತಡವಾಗಿಯೂ ತಲುಪಿದೆ. ಸೆಷನ್‌ಗಳಲ್ಲಿ ಕನ್ನಡದಲ್ಲಿ ನಡೆದದ್ದನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ ಬರೆದ ಟಿಪ್ಪಣಿಗಳನ್ನು ಓದಿದೆ. ಆಕೆ ಕಣ್ಣುಮುಚ್ಚಿ ಕೇಳಿದರು.

"ನೀವು ಕೇಳದ ಕನಸಿಗೆ ಅರ್ಥ ಹೇಳಿದ್ದೀರಿ" ಎಂದರು.

ನಿಜವೇ ತಾನೆ. ಆ ಮದುವೆ ಎಲ್ಲಿ ನಡೆಯಿತು, ಯಾರಿದ್ದರು, ಮದುಮಗ ಯಾರು, ಒಂದೂ ನನಗೆ ಗೊತ್ತಿರಲಿಲ್ಲ. ಆಮೇಲೆ ಆಕೆ ಇನ್ನೊಂದು ಪ್ರಶ್ನೆ ಕೇಳಿದರು. "ಮದುವೆಯ ಕನಸಿನ ವಿಷಯ ಮೊದಲ ಬಾರಿ ಕೇಳಿದ ದಿನ, ಮನೆಗೆ ಹೋಗಿ ನೀವು ಏನು ಮಾಡಿದಿರಿ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಆ ದಿನ ನಾನು ಮಾಡಿದ ಮೊದಲ ಕೆಲಸ ಮಂಡ್ಯದಲ್ಲಿರುವ ನನ್ನ ಅಮ್ಮನಿಗೆ ಫೋನ್ ಮಾಡಿ, ಬಿಪಿ ಎಷ್ಟಿದೆ ಎಂದು ವಿಚಾರಿಸಿದ್ದು. ಇಷ್ಟೆಲ್ಲ ಓದಿದವಳು, ನನ್ನ ರೋಗಿಯಷ್ಟೇ ನಾನೂ ಹೆದರಿದ್ದೆ. ಆ ಹೆದರಿಕೆ ತಡೆಯಲಾರದೆ ಅದರ ಮೇಲೆ ಪುಸ್ತಕದ ಮಾತೊಂದನ್ನು ಎಳೆದು ಮುಚ್ಚಿದ್ದೆ. ಮೇಲ್ವಿಚಾರಕಿ ನಗಲಿಲ್ಲ, ಬೈಯಲೂ ಇಲ್ಲ. "ನಿಮ್ಮ ಊರಿನಲ್ಲಿ ಕೆಟ್ಟ ಕನಸು ಬಿದ್ದರೆ ಏನು ಮಾಡುತ್ತಾರೆ?" ಎಂದು ಕೇಳಿದರು.

ಹೇಳಿದೆ. ಮೊದಲು ಹರಿಯುವ ನೀರಿಗೆ ಹೇಳುತ್ತಾರೆ, ಹೇಳಿ ಮುಖ ತೊಳೆದುಕೊಳ್ಳುತ್ತಾರೆ. ನಮ್ಮ ಅಜ್ಜಿ ಎದ್ದ ಕೂಡಲೇ ಯಾರನ್ನೂ ಮಾತಾಡಿಸದೆ ನಮ್ಮನ್ನು ಹಿತ್ತಲಿನ ನಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಳು. ನೀರು ಬಿಟ್ಟು ತಾನು ಎರಡು ಹೆಜ್ಜೆ ಹಿಂದೆ ನಿಂತುಬಿಡುತ್ತಿದ್ದಳು. ನಾವು ಬಗ್ಗಿ ನೀರಿಗೆ ಹೇಳಬೇಕು. ನೀರು ಅದನ್ನು ತೆಗೆದುಕೊಂಡು ಹೋದ ಮೇಲೆ ಯಾರಿಗೆ ಹೇಳಿದರೂ ತೊಂದರೆಯಿಲ್ಲ.

"ಇದನ್ನು ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ?" ಎಂದರು. ನಾಚಿಕೆಯಾಗಿತ್ತು, ಅಷ್ಟೇ. ಹೊರಡುವಾಗ ಥರ್ಮಸ್‌ನಲ್ಲಿ ಚಹಾ ತುಂಬಿಸಿ ಕೊಟ್ಟು, ದಾರಿಯಲ್ಲಿ ನಿದ್ದೆ ಬಂದರೆ ಗಾಡಿ ನಿಲ್ಲಿಸಿ ಎಂದು ತಾಯಿಯಂತೆ ಹೇಳಿದರು. ಗುರು ಎಂಬ ಮಾತಿಗೆ ನನಗೆ ಆ ದಿನ ಒಂದು ಮುಖ ಸಿಕ್ಕಿತು.

ವಾಪಸು ಬರುವ ದಾರಿಯಲ್ಲಿ ಹೆದ್ದಾರಿಯಿಂದ ಇಳಿದು, ಪಾರ್ಕಿಂಗ್ ಲಾಟಿನಲ್ಲಿ ನಿಂತು, ಬಾರದೆ ಉಳಿದ ನನ್ನ ರೋಗಿಗೆ ಮೆಸೇಜ್ ಬರೆದೆ: "ನಿಮ್ಮ ಮಾತು ಪೂರ್ತಿ ಕೇಳದೆ ನಾನು ಮಾತಾಡಿದೆ. ತಪ್ಪು ನನ್ನದು. ನಿಮ್ಮ ಏಳು ಗಂಟೆ ನಿಮಗಾಗಿಯೇ ಇದೆ." ಸೋಮವಾರ ಆಕೆ ಬಂದರು.

ಬಂದವರು ಮಲಗಲಿಲ್ಲ. ದಿವಾನದ ಅಂಚಿನಲ್ಲಿ ಕೂತರು. ಕಣ್ಣಿನ ಕೆಳಗೆ ಇನ್ನಷ್ಟು ಕಪ್ಪಾಗಿತ್ತು.

"ಅಕ್ಕ, ಇನ್ನೊಂದು ಕನಸು ಬಿದ್ದಿದೆ. ಮಗಳದ್ದು. ಹೇಳೋಕಾಗ್ತಿಲ್ಲ. ಹೊಟ್ಟೇಲಿ ಇಟ್ಕೊಳ್ಳೋಕೂ ಆಗ್ತಿಲ್ಲ."

ಕಲಿತದ್ದರ ಪ್ರಕಾರ ನಾನು ಸುಮ್ಮನೆ ಕಾಯಬೇಕಿತ್ತು. ಸೆಷನ್ ನಡುವೆ ವಿಶ್ಲೇಷಕರು ಕುರ್ಚಿ ಬಿಟ್ಟು ಏಳುವುದಿಲ್ಲ. ಎದ್ದರೆ ಅದನ್ನು ಟಿಪ್ಪಣಿಯಲ್ಲಿ ಬರೆಯಬೇಕು, ತರಬೇತಿ ಸಮಿತಿ ಓದುತ್ತದೆ, ಕೇಸನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆಯೂ ಹೋಗಬಹುದು. ನನ್ನ ಆ ಕೋಣೆ ಹಿಂದೆ ಹಲ್ಲಿನ ಡಾಕ್ಟರದಾಗಿತ್ತು. ಮೂಲೆಯಲ್ಲಿ ಕೈ ತೊಳೆಯುವ ಬೇಸಿನ್ ಹಾಗೆಯೇ ಉಳಿದಿತ್ತು. ಎದ್ದು ಹೋಗಿ ನಲ್ಲಿ ತಿರುಗಿಸಿದೆ.

"ಮೊದ್ಲು ಇದಕ್ಕೆ ಹೇಳಿ. ನಾನು ನನ್ನ ಜಾಗದಲ್ಲೇ ಕೂತಿರ್ತೀನಿ."

ಆಕೆ ನನ್ನನ್ನು ದಿಟ್ಟಿಸಿದರು. "ನಿಮಗೂ ಗೊತ್ತಾ ಇದು?"

"ನಮ್ಮಜ್ಜಿ ಮಾಡಿಸ್ತಿದ್ರು."

"ನಮ್ಮಮ್ಮಾನೂ!" ಎಂದರು. ಎದ್ದು ಬೇಸಿನ್ ಕಡೆ ನಡೆದರು. ನನಗೆ ಬೆನ್ನು ಹಾಕಿ, ಬಗ್ಗಿ, ಬಹಳ ಹೊತ್ತು ಮಾತಾಡಿದರು. ನೀರಿನ ಸದ್ದಿನಲ್ಲಿ ನನಗೆ ಒಂದು ಅಕ್ಷರವೂ ಕೇಳಲಿಲ್ಲ. ಕೇಳಿಸಿಕೊಳ್ಳುವುದೇ ಕಸುಬಾದವಳು ಏನೂ ಕೇಳಿಸದೆ ಕೂತಿದ್ದೆ. ಆದರೆ ನೋಡುತ್ತ ನೋಡುತ್ತ ನನಗೊಂದು ವಿಷಯ ಹೊಳೆಯಿತು. ಮಾತಾಡುವವರು ಕೇಳುವವರ ಮುಖ ನೋಡಬಾರದೆಂದು ವಿಯೆನ್ನಾದಲ್ಲಿ ಕುರ್ಚಿಯನ್ನು ತಲೆಯ ಹಿಂದಕ್ಕೆ ಸರಿಸಿದರು. ನಮ್ಮ ಅಜ್ಜಿ ಅದೇ ಉಪಾಯವನ್ನು ಎರಡು ಹೆಜ್ಜೆ ಹಿಂದೆ ನಿಂತು ಮಾಡುತ್ತಿದ್ದಳು. ಆಕೆ ಮುಖ ತೊಳೆದು ಬಂದು, ಮೂರು ವಾರಗಳಲ್ಲಿ ಮೊದಲ ಸಲ ದಿವಾನದ ಮೇಲೆ ಮಲಗಿದರು.

ಮಗಳ ಕನಸನ್ನು ಆಮೇಲೆ ನನಗೆ ಹೇಳಿದರು. ಹೊಸ ಬಟ್ಟೆ ಹಾಕಿಕೊಂಡು ಮಗಳು ತಿರುಗಿ ನೋಡದೆ ನಡೆದು ಹೋಗುತ್ತಿದ್ದಳಂತೆ. ಹಿಂದಿನ ದಿನ ಏನಾಗಿತ್ತು ಎಂದು ಕೇಳಿದೆ. ಶಾಲೆಯಲ್ಲಿ ಫೋಟೋ ತೆಗೆಯುವ ದಿನ. ಹೊಸ ಫ್ರಾಕು ಹಾಕಿಕೊಂಡ ಮಗಳು "ಅಮ್ಮಾ, ಡೋಂಟ್ ವಾಕ್ ಮಿ ಟು ದ ಬಸ್" ಎಂದಿದ್ದಳು. ಇಬ್ಬರಿಗೂ ನಗು ಬಂತು.

ನಲ್ಲಿಯ ವಿಷಯವನ್ನು ಮೇಲ್ವಿಚಾರಕಿಗೆ ಅಳುಕುತ್ತಲೇ ಹೇಳಿದೆ. ಈ ವಿದ್ಯೆಯ ಆರಂಭದ ದಿನಗಳನ್ನು ಆಕೆ ನೆನಪಿಸಿದರು. ಆಗ ವೈದ್ಯರು ರೋಗಿಯ ಹಣೆ ಒತ್ತಿ ಹಿಡಿದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದರು. ಮಧ್ಯೆ ಬಾಯಿ ಹಾಕದೆ ತನ್ನ ಮಾತು ಕೇಳುವಂತೆ ಒಬ್ಬ ಹೆಂಗಸು ರೇಗಿದ ಮೇಲೆಯೇ ವೈದ್ಯರು ಸುಮ್ಮನಿರಲು ಕಲಿತದ್ದು. "ಹೀಗೆ ಕೆಲಸ ಮಾಡಬೇಕೆಂದು ನಮಗೆ ತೋರಿಸಿಕೊಟ್ಟವರು ರೋಗಿಗಳೇ. ಟಿಪ್ಪಣಿಯಲ್ಲಿ ಒಂದು ಮಾತೂ ಬಿಡದೆ ಬರೆಯಿರಿ, ಸಮಿತಿಗೆ ನಾನು ಉತ್ತರ ಹೇಳುತ್ತೇನೆ" ಎಂದರು. ಆಕೆಯ ಆ ಮಾತಿಗೆ ನಾನು ಇವತ್ತಿಗೂ ಋಣಿ.

ಎರಡು ವಾರ ಹೀಗೇ ನಡೆಯಿತು. ದಿನದಿನಕ್ಕೆ ಆಕೆ ಬಿಡುವ ನಲ್ಲಿಯ ನೀರು ಸಣ್ಣದಾಗುತ್ತ ಬಂತು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಮುಂದಿನ ಸೋಮವಾರ ಆಕೆ ನೀರಿಗೆ ಏನೋ ಹೇಳಿ, ನಲ್ಲಿ ನಿಲ್ಲಿಸಿ, ಅಲ್ಲೇ ಬೆನ್ನು ಹಾಕಿ ನಿಂತು ಅಮ್ಮನ ಮದುವೆಯ ಕನಸನ್ನು ಮೊದಲಿನಿಂದ ಹೇಳತೊಡಗಿದರು.

ಇಲ್ಲಿನ ಲೈಬ್ರರಿಯ ಹಾಲು, ಮಡಚುವ ಕುರ್ಚಿಗಳು. ಅಮ್ಮ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದಾರೆ. ಕೈ ತುಂಬ ಹಸಿರು ಬಳೆ, ಹಣೆಯಲ್ಲಿ ದೊಡ್ಡ ಕುಂಕುಮ, ತಲೆ ತುಂಬ ಮಲ್ಲಿಗೆ. ಮಗಳನ್ನು ನೋಡಿ, "ಊಟ ಆಯ್ತೇನೇ?" ಎಂದು ಕೇಳುತ್ತಾರೆ. ಅಷ್ಟೇ ಕನಸು.

"ಗಂಡು ಯಾರು?" ಎಂದೆ.

"ಗಂಡೇ ಇರ್ಲಿಲ್ಲ ಅಕ್ಕ."

ಗಂಡೇ ಇಲ್ಲದ ಮದುವೆಯಲ್ಲಿ ನಾನು ಅಮ್ಮನನ್ನು ಗಂಡನ ಮನೆಗೆ ಕಳಿಸಿಬಿಟ್ಟಿದ್ದೆ. ಈ ಸಲ ನಾಲಿಗೆ ಕಚ್ಚಿಕೊಂಡು ಕೂತೆ. ಆಕೆ ಬಂದು ಮಲಗಿದರು. ಒಂದೊಂದೇ ತುಂಡು ತೆಗೆದುಕೊಂಡೆವು. ಲೈಬ್ರರಿ ಹಾಲು? ಮಗಳ ಡ್ಯಾನ್ಸ್ ಅಲ್ಲೇ ಆಗಿತ್ತು, ಅಮ್ಮ ಬಂದು ನೋಡಬೇಕೆಂದಿದ್ದರು. ಊಟ ಆಯ್ತೇನೇ? ಪ್ರತಿ ಫೋನಿನಲ್ಲೂ ಅಮ್ಮನ ಮೊದಲ ಮಾತು ಅದು. ಮಲ್ಲಿಗೆ?

ಉತ್ತರ ಬರಲಿಲ್ಲ. ಗೋಡೆಯ ಗಡಿಯಾರದಲ್ಲಿ ಆರು ನಿಮಿಷ ಕಳೆದದ್ದನ್ನು ನೋಡಿದೆ. ಕೇಳಲೇ ಎಂದು ಮೂರು ಸಲ ಬಾಯಿಗೆ ಬಂತು. ಕೇಳಲಿಲ್ಲ.

"ಅಮ್ಮ ಹೂ ಮುಡೀತಿರ್ಲಿಲ್ಲ" ಎಂದರು ಆಕೆ. "ನನಗೆ ಹದಿನಾಲ್ಕು ವರ್ಷ ಆಗಿದ್ದಾಗ ಅಪ್ಪ ಹೋದ್ರು. ಕುಂಕುಮ, ಬಳೆ, ಹೂ, ಎಲ್ಲಾ ಬಿಟ್ಬಿಟ್ರು. ನಾನು ಸ್ಕೂಲಿಂದ ಬರ್ತಾ ದಿನಾ ಅಮ್ಮಂಗೆ ಒಂದು ಮೊಳ ಮಲ್ಲಿಗೆ ತರ್ತಿದ್ದೆ. ಅಪ್ಪ ಹೋಗಿ ತಿಂಗಳಾಗಿತ್ತು ಅಷ್ಟೇ, ಒಂದಿನ ಮರ್ತು ತಂದ್ಬಿಟ್ಟೆ. ಅಮ್ಮ ಬೈಲಿಲ್ಲ. ತಗೊಂಡು ದೇವ್ರಿಗೆ ಇಟ್ರು. ನಾನು ಬಚ್ಚಲುಮನೇಲಿ ಕೂತು ಅತ್ತೆ."

ಆಮೇಲೆ, ಬಹಳ ನಿಧಾನವಾಗಿ:

"ಸಾವು ಕಂಡಿದ್ದಲ್ಲ ಅಕ್ಕ ಅದು. ನಾನು ನಮ್ಮಮ್ಮಂಗೆ ಹೂ ಮುಡಿಸಿದ್ದೆ."

ಹೀಗೆಂದು ಜೋರಾಗಿ ಅತ್ತರು. ಹಿಂದಿನ ಕುರ್ಚಿಯಲ್ಲಿ ನಾನೂ ಅತ್ತೆ. ಕುರ್ಚಿ ಹಿಂದಿರುವುದರ ಇನ್ನೊಂದು ಉಪಯೋಗ ಆ ದಿನ ತಿಳಿಯಿತು. ಕನಸಿನೊಳಗೆ ಆಸೆ ಇರುತ್ತದೆ ಎಂದು ನಾನು ಓದಿದ್ದೇನೋ ನಿಜವೇ. ಆದರೆ ಅದನ್ನು ನಾನು ಹೇಳಿದಾಗ ಆಕೆ ಎರಡು ವಾರ ಬರಲಿಲ್ಲ. ಇಪ್ಪತ್ತೇಳು ವರ್ಷ ಒಳಗೆ ಇಟ್ಟುಕೊಂಡಿದ್ದ ಆಸೆಯನ್ನು ಆಕೆಯೇ ಮುಟ್ಟಿದಾಗ ಭಯದ ಗಂಟು ಬಿಚ್ಚಿತು. ನಾನು ಮಾಡಿದ ಕೆಲಸವೆಂದರೆ ಆರು ನಿಮಿಷ ಬಾಯಿ ಮುಚ್ಚಿಕೊಂಡದ್ದು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದೇನಲ್ಲ. ಬೇಸಿಗೆಗೆ ಬರಬೇಡ ಎಂದದ್ದರ ನೋವು ಭಯದ ಅಡಿಯಿಂದ ಮೇಲೆ ಬಂತು. ಡಿಸೆಂಬರ್ ಪೂರ್ತಿ ಅದರಲ್ಲೇ ಕಳೆಯಿತು. ಅದಕ್ಕೆ ಅತ್ತು ಮುಗಿಸುವುದನ್ನು ಬಿಟ್ಟು ಬೇರೆ ಔಷಧಿ ಇರಲಿಲ್ಲ. ಅಲಾರಂ ನಲವತ್ತು ನಿಮಿಷದಿಂದ ಒಂದೂವರೆ ಗಂಟೆಗೆ ಹೋಯಿತು, ಆಮೇಲೆ ಮೂರು ಗಂಟೆಗೆ. ಮಗಳು ಮತ್ತೆ ಈಜಿಗೆ ಹೋದಳು. ಆದರೆ ಅಲಾರಂ ಪೂರ್ತಿ ತೆಗೆಯಲು ಮಾತ್ರ ಆಕೆಗೆ ಧೈರ್ಯ ಬರಲಿಲ್ಲ. ಫಾರ್ಮಸಿಯವರು ಮಾರ್ಚಿನೊಳಗೆ ಕೆಲಸಕ್ಕೆ ಬರುತ್ತೀರೋ ಇಲ್ಲವೋ ತಿಳಿಸಿ ಎಂದು ಪತ್ರ ಬರೆದಿದ್ದರು.

ಫೆಬ್ರವರಿಯ ಒಂದು ಬೆಳಿಗ್ಗೆ, ಹೊರಗೆ ನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ಮೂಳೆ ಕೊರೆಯುವ ಚಳಿ. ಆಕೆ ಬೂಟು ಬಿಚ್ಚಿ ಮಲಗಿ, ಮಗಳ ಸೈನ್ಸ್ ಪ್ರಾಜೆಕ್ಟಿಗೆ ಆಲೂಗಡ್ಡೆ ತರಬೇಕೆಂದು ಏನೋ ಹೇಳುತ್ತಿದ್ದರು. ಮಾತು ಅರ್ಧಕ್ಕೆ ನಿಂತಿತು. ಯೋಚಿಸುತ್ತಿದ್ದಾರೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಸಣ್ಣಗೆ ಗೊರಕೆ ಕೇಳಿಸಿತು.

ಸೆಷನ್‌ನಲ್ಲಿ ನಿದ್ದೆ ಬಂದರೆ ಅದೂ ಏನನ್ನೋ ಹೇಳದೆ ತಪ್ಪಿಸಿಕೊಳ್ಳುವ ಒಂದು ದಾರಿ, ಅದನ್ನು ಎತ್ತಿ ಮಾತಾಡಬೇಕು ಎಂದು ನಮಗೆ ಕಲಿಸಿದ್ದಾರೆ. ನಾನು ಎತ್ತಲಿಲ್ಲ. ಹೀಟರ್ ಸ್ವಲ್ಪ ಜಾಸ್ತಿ ಮಾಡಿ, ಉಸಿರು ಬಿಗಿಹಿಡಿದು ಕೂತೆ. ಇಷ್ಟು ತಿಂಗಳು ಮಗಳ ಉಸಿರು ಕಾದ ತಾಯಿಯ ಉಸಿರನ್ನು ಅವತ್ತು ನಾನು ಕಾದೆ. ಏಳೂ ಐವತ್ತಾಯಿತು. ಎಂಟು ಗಂಟೆಗೆ ಬರಬೇಕಾದವರಿಗೆ ಕಾಲು ಗಂಟೆ ತಡವಾಗಿ ಬನ್ನಿ ಎಂದು ಮೆಸೇಜ್ ಮಾಡಿ ಸುಮ್ಮನಾದೆ. ಎಂಟೂ ಹತ್ತಕ್ಕೆ ಭುಜ ಮುಟ್ಟಿ ಎಬ್ಬಿಸಿದೆ.

"ಅಯ್ಯೋ, ಎಷ್ಟೊತ್ತು ಮಲಗ್ಬಿಟ್ಟೆ?"

"ಒಂದು ಗಂಟೆ ಮೇಲಾಯ್ತು."

ಆಕೆ ಎದ್ದು ಕೂತು ಕಣ್ಣುಜ್ಜಿಕೊಂಡರು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. "ಏನೋ ಕನಸು ಬಿತ್ತು ಅಕ್ಕ. ಮಗಳಿದ್ಲು ಅದ್ರಲ್ಲಿ."

ನನ್ನ ಕಣ್ಣು ಮೂಲೆಯ ನಲ್ಲಿಯ ಕಡೆ ಹೋಯಿತು. ಆಕೆ ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಹುಬ್ಬು ಗಂಟಿಕ್ಕಿ ಯೋಚಿಸಿದರು. ನಾನು ಕಾದೆ.

"ಮರ್ತೇ ಹೋಯ್ತು" ಎಂದರು. ಇನ್ನೊಂದು ಬೂಟನ್ನೂ ಹಾಕಿಕೊಂಡು, ಆಲೂಗಡ್ಡೆ ತೆಗೆದುಕೊಳ್ಳಬೇಕು ಎನ್ನುತ್ತ ಅವಸರದಲ್ಲಿ ಹೊರಟುಹೋದರು.